ಅತ್ತಿಗೆಯ ಡಬ್ಬಿಗಳು, ಅಣ್ಣನ ಹೆಬ್ಬೆರಳು

ನಮ್ಮ ಅತ್ತಿಗೆಯ ಅಡುಗೆಮನೆಯಲ್ಲಿ ಎರಡು ಕಪಾಟುಗಳಿವೆ. ಒಂದರಲ್ಲಿ ಇರುವುದನ್ನು ತಿನ್ನಬಹುದು, ಇನ್ನೊಂದರಲ್ಲಿ ಇರುವುದನ್ನು ಮೈಗೆ ಹಚ್ಚಿಕೊಳ್ಳಬಹುದು. ಎರಡರಲ್ಲೂ ಒಂದೇ ಬಗೆಯ ಡಬ್ಬಿಗಳು, ಹೆಚ್ಚುಕಡಿಮೆ ಒಂದೇ ವಾಸನೆ. ಹೀಗಾಗಿ ಒಂದು ಬೆಳಗ್ಗೆ ಪಕ್ಕದ ಮನೆಯಿಂದ ಬಂದ ನಾನು ಬ್ರೆಡ್ಡಿಗೆ ದಪ್ಪನಾಗಿ ಸವರಿಕೊಂಡು ಅರ್ಧ ಮುಗಿಸಿದ್ದು ಬೆಣ್ಣೆಯಲ್ಲ, ಒಡೆದ ಹಿಮ್ಮಡಿಯ ಮುಲಾಮು ಎಂದು ಆಮೇಲೆ ತಿಳಿಯಿತು. ಅತ್ತಿಗೆ ಒಂಚೂರೂ ಗಾಬರಿಯಾಗಲಿಲ್ಲ.

“ಏನೂ ಆಗಲ್ಲ ಬಿಡೋ, ಎಲ್ಲಾ ಒಳ್ಳೇ ಸಾಮಾನೇ ಹಾಕಿರೋದು,” ಎಂದರು. ಆಮೇಲೆ, ಸ್ವಲ್ಪ ಆಸೆಯಿಂದ, “ರುಚಿ ಹೇಗಿತ್ತು?”

ಡಬ್ಬಿಗಳೆಲ್ಲ ಹಿಂದಿನ ಜನ್ಮದಲ್ಲಿ ಬಿಸ್ಕತ್ತು, ಚಹಾಪುಡಿ, ಬೂಟಿನ ಪಾಲಿಶ್ ಆಗಿದ್ದವು. ಪ್ರತಿಯೊಂದಕ್ಕೂ ಅತ್ತಿಗೆಯ ದುಂಡು ಅಕ್ಷರದ ಚೀಟಿ. ಒಳಗೆ ಏನಿದೆ ಎಂದು ಚೀಟಿ ಹೇಳುವುದಿಲ್ಲ; ಎಲ್ಲಿಗೆ ಹಚ್ಚಬೇಕು ಎಂದಷ್ಟೇ ಹೇಳುತ್ತದೆ. ‘ಮೊಣಕೈ’. ‘ತುಟಿ’. ‘ಬಿಸಿಲು ತಾಗಿದ ಮೂಗು’. ಒಂದು ಸಣ್ಣ ಡಬ್ಬಿಯ ಮೇಲೆ ‘ಮೈದುನ’ ಎಂದಿದೆ. ಅದು ನಾನು. ಐವತ್ತೆರಡು ವರ್ಷದ ಗಂಡಸು ಉಗುರು ಕಚ್ಚುತ್ತಾನೆಂದು ಹೊರಗೆ ಹೇಳಿಕೊಳ್ಳುವ ಹಾಗಿಲ್ಲವಾದ್ದರಿಂದ ಮರ್ಯಾದೆಗೆ ಹಾಗೆ ಬರೆದಿದ್ದಾರೆ. ಅದರಿಂದ ನನ್ನ ಮರ್ಯಾದೆ ಎಷ್ಟು ಉಳಿಯಿತು ಎಂಬುದು ಬೇರೆ ಮಾತು. ಮನೆಗೆ ಬಂದವರೆಲ್ಲ “ಇದೇನು, ಮೈದುನನಿಗೆ ಹಚ್ಚೋದೋ, ಮೈದುನನ್ನ ಕರಗಿಸಿ ಮಾಡಿದ್ದೋ?” ಎಂದು ಕೇಳದೆ ಹೋಗುವುದಿಲ್ಲ.

ಅತ್ತಿಗೆ ಮದುವೆಯಾದ ವರ್ಷವೇ ಈ ಕೆಲಸ ಶುರುಮಾಡಿದ್ದು. ಮೊದಲು ಮಾಡಿದ್ದು ಮುಖದ ಕ್ರೀಮು. ಅದಕ್ಕೆ ಜೇನುಮೇಣ ಎಷ್ಟು ಹಾಕಬೇಕು ಎಂದು ಗೊತ್ತಿರಲಿಲ್ಲ, ಧಾರಾಳವಾಗಿ ಹಾಕಿದರು. ಅದು ಒಂದು ರಾತ್ರಿಯಲ್ಲಿ ಇಟ್ಟಿಗೆಯಾಯಿತು. ಚಮಚ ಬಗ್ಗಿತು, ಕ್ರೀಮು ಬಗ್ಗಲಿಲ್ಲ. ಅತ್ತಿಗೆ ಅದನ್ನು ಹಿತ್ತಲ ಬುಟ್ಟಿಗೆ ಎಸೆದು, ಅರ್ಧ ದಿನ ಅತ್ತು, ಮಧ್ಯಾಹ್ನದ ಮೇಲೆ ಎರಡನೆಯದಕ್ಕೆ ಒಲೆ ಹಚ್ಚಿದರು. ಇಪ್ಪತ್ತೆಂಟು ವರ್ಷಗಳಿಂದ ಒಲೆ ಆರಿಲ್ಲ. ಈಗ ನಮ್ಮ ಬೀದಿಯಲ್ಲಿ ಅವರ ಸೋಪಿನಿಂದ ತೊಳೆಯದ ಕೈ ಇಲ್ಲ, ಅವರ ಎಣ್ಣೆ ಕಾಣದ ಮಂಡಿ ಇಲ್ಲ.

ಒಬ್ಬರನ್ನು ಬಿಟ್ಟು. ಅವರ ಗಂಡ, ನನ್ನ ಅಣ್ಣ.

ಅಣ್ಣ ಪುಸ್ತಕ ಕಟ್ಟುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಉದ್ದನೆಯ ಮೇಜು, ಚಕ್ರ ತಿರುಗಿಸಿ ಹಾಳೆ ಅದುಮುವ ಕಬ್ಬಿಣದ ಪ್ರೆಸ್ಸು, ಗೋಡೆಗೆ ಸೂಜಿ, ದಾರ, ಕತ್ತರಿ. ಹಾಳೆ ಬಿಚ್ಚಿಹೋದ ಪುಸ್ತಕಗಳು ಅಲ್ಲಿಗೆ ರೋಗಿಗಳ ಹಾಗೆ ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತವೆ. ಅವನ ಹತ್ತಿರ ಉಳಿದ ರಟ್ಟಿನ ಚೂರು, ಬಣ್ಣದ ಕಾಗದದ ಅಂಚುಗಳಿಂದಲೇ ಅತ್ತಿಗೆ ಸೋಪಿನ ಪೆಟ್ಟಿಗೆಗಳನ್ನು ಮಡಿಸುತ್ತಾರೆ. ಆದರೆ ಪೆಟ್ಟಿಗೆಯ ಒಳಗಿನದು ಮಾತ್ರ ಅಣ್ಣನ ಕೈಗೆ ತಾಗುವ ಹಾಗಿಲ್ಲ.

“ಎಣ್ಣೆ ಕೈ ಕಾಗದಕ್ಕೆ ಆಗಲ್ಲ, ಇವಳೇ,” ಎನ್ನುತ್ತಿದ್ದ. ಅಷ್ಟೇ. ಅಣ್ಣನಿಗೆ ಮಾತು ಕಡಿಮೆ. ಮಾತಾಡುವುದಕ್ಕೆ ಬಾಯಿ ಬಿಡುವಾಗಿರಬೇಕಲ್ಲ. ಅವನ ಬಾಯಿ ಸದಾ ಬೇರೆ ಕೆಲಸದಲ್ಲಿತ್ತು. ಹದಿನೆಂಟನೆಯ ವಯಸ್ಸಿನಿಂದ ಅವನು ಹಾಳೆ ಎಣಿಸುತ್ತಿದ್ದದ್ದು ಒಂದೇ ಬಗೆಯಲ್ಲಿ. ಬಲಗೈ ಹೆಬ್ಬೆರಳು ನಾಲಿಗೆಗೆ, ನಾಲಿಗೆಯಿಂದ ಹಾಳೆಗೆ, ಹಾಳೆಯಿಂದ ಮತ್ತೆ ನಾಲಿಗೆಗೆ. ನಲವತ್ತು ವರ್ಷ ಆ ಹೆಬ್ಬೆರಳು ಮನೆಗೂ ಕಚೇರಿಗೂ ಓಡಾಡುವ ಗುಮಾಸ್ತನ ಹಾಗೆ ತಪ್ಪದೆ ಓಡಾಡಿತು. ನೀವು ಏನು ಕೇಳಿದರೂ ಉತ್ತರ “ಹ್ಞೂಂ”. ಅದು ಹೌದೋ, ಅಲ್ಲವೋ, ಊಟಕ್ಕೆ ಬಂದೆ ಎಂದೋ ಅತ್ತಿಗೆಗೆ ಮಾತ್ರ ತಿಳಿಯುತ್ತಿತ್ತು.

ಹೋದ ವರ್ಷ ಆ ಹೆಬ್ಬೆರಳು ಒಡೆಯಿತು. ಮೊದಲು ಒಂದು ಸಣ್ಣ ಗೀರು. ಆಮೇಲೆ ಉಗುರಿನ ಬುಡದಿಂದ ಗೆಣ್ಣಿನವರೆಗೆ ಒಣಗಿದ ಕೆರೆಯ ತಳದ ಹಾಗೆ ಬಿರುಕು. ಸೂಜಿ ಹಿಡಿದರೆ ರಕ್ತ. ಒಂದು ದಿನ ಕೈ ಮಣಿಕಟ್ಟಿನವರೆಗೆ ಊದಿಕೊಂಡಾಗ ಅತ್ತಿಗೆ ಅವನನ್ನು ಚರ್ಮದ ಡಾಕ್ಟರ ಬಳಿ ಎಳೆದುಕೊಂಡು ಹೋದರು. ಅಣ್ಣ ಓಡಿಹೋಗದಿರಲೆಂದು ಇನ್ನೊಂದು ಪಕ್ಕಕ್ಕೆ ನನ್ನನ್ನು ಹಾಕಿಕೊಂಡಿದ್ದರು.

ಡಾಕ್ಟರು ನಮ್ಮ ಮಕ್ಕಳ ವಯಸ್ಸಿನ ಹುಡುಗಿ. ಬೆರಳನ್ನು ಭೂತಗನ್ನಡಿಯಲ್ಲಿ ನೋಡಿ, “ಏನು ಕೆಲಸ ಮಾಡ್ತೀರಿ?” ಎಂದು ಕೇಳಿ, ಕೈಯ ಆರೈಕೆಯ ಬಗ್ಗೆ ಅಚ್ಚು ಹಾಕಿಸಿದ್ದ ಪುಟ್ಟ ಪುಸ್ತಿಕೆಯೊಂದನ್ನು ಕೊಟ್ಟರು. ಅಣ್ಣ ಅದನ್ನು ತೆಗೆದುಕೊಂಡು, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಅವರ ಕಣ್ಣೆದುರಿಗೇ ಮೊದಲ ಪುಟ ತಿರುಗಿಸಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಂಟಿಗೆ ಏನೇನು ಹಾಕ್ತೀರಿ?”

“ಹಿಟ್ಟು. ನೀರು. ಹುಳ ಬರದೇ ಇರಲಿ ಅಂತ ಚಿಟಿಕೆ ಮೈಲುತುತ್ತ.”

“ಹುಳ ಬರುತ್ತಾ?”

“ಇಲ್ಲ.”

“ಹುಳಗಳಿಗೆ ಇರೋ ಬುದ್ಧಿ ನಿಮಗಿಲ್ವಲ್ಲ ಸಾರ್! ಅವು ಬಿಟ್ಟಿದ್ದನ್ನ ನೀವು ನಲವತ್ತು ವರ್ಷದಿಂದ ನೆಕ್ಕಿದೀರಿ.” ಆಮೇಲೆ ಅವರು ನಗುವುದನ್ನು ನಿಲ್ಲಿಸಿ ಹೇಳಿದರು: “ಆರು ವಾರ ಈ ಬೆರಳು ಬಾಯಿಗೆ ಹೋಗಬಾರದು. ರಾತ್ರಿ ಹೊತ್ತು ಒಣಗೋಕೂ ಬಿಡಬಾರದು. ಆಗಲ್ಲ ಅಂದ್ರೆ ಈ ಕೆಲಸ ಬಿಡಿ. ನೀವು ಬಿಡದೇ ಇದ್ರೆ ಬೆರಳೇ ನಿಮ್ಮನ್ನ ಬಿಡುತ್ತೆ.”

ಅಣ್ಣ ಮನೆಗೆ ಬಂದವನೇ ಮೈಲುತುತ್ತದ ಪೊಟ್ಟಣವನ್ನು ತೆಗೆದು ಬಿಸಾಕಿದ. ಆಮೇಲೆ ಮೇಜಿನ ಮುಂದೆ ನಿಂತು, ಸೂಜಿಗಳನ್ನೊಮ್ಮೆ, ಪ್ರೆಸ್ಸನ್ನೊಮ್ಮೆ ಸವರಿದ. ಊರಿಗೆ ಹೋಗುವವರು ಮನೆಯ ಸಾಮಾನನ್ನು ನೋಡುವ ಹಾಗಿತ್ತು. ಈ ಕೋಣೆಯ ಹೊರತು ಅವನಿಗೆ ಬೇರೆ ಊರಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಅವರು ಸೆರಗು ಬಿಗಿದರು.

ಮೊದಲ ಅಸ್ತ್ರ ಲೋಳೆಸರ. ಎಲೆ ಕೊಯ್ದಾಗ ಒಸರುವ ಹಳದಿ ಹಾಲಿದೆಯಲ್ಲ, ಅದರಷ್ಟು ಕಹಿ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ‘ಮೈದುನ’ ಡಬ್ಬಿಯಲ್ಲಿ ಇರುವುದೂ ಅದೇ, ಆದ್ದರಿಂದ ಅಧಿಕಾರದಿಂದ ಹೇಳುತ್ತಿದ್ದೇನೆ. ಅದನ್ನು ಹೆಬ್ಬೆರಳ ತುದಿಗೆ ಹಚ್ಚಿದರು. ಮೊದಲ ದಿನ ಅಣ್ಣನ ಮುಖ ಹಿಂಡಿದ ನಿಂಬೆಹಣ್ಣಾಯಿತು. ಎರಡನೆಯ ದಿನ ಹುಬ್ಬು ಮಾತ್ರ ಗಂಟಿಕ್ಕಿತು. ನಾಲ್ಕನೆಯ ದಿನ ಬೆಳಗ್ಗೆ ಅವನೇ ಅಡುಗೆಮನೆಗೆ ಬಂದು ಬೆರಳು ಚಾಚಿದ.

“ನಿನ್ನೆ ಸ್ವಲ್ಪ ಕಮ್ಮಿ ಇತ್ತು.”

ಎರಡನೆಯದು ಟೊಪ್ಪಿಗೆ. ಹಳೆಯ ಚರ್ಮದ ಕೈಗವಸು ಕತ್ತರಿಸಿ, ಒಳಗೆ ಹತ್ತಿಯ ಬಟ್ಟೆ ಇಟ್ಟು, ಹೆಬ್ಬೆರಳಿಗೆ ಎಂದು ಅಂದವಾಗಿ ಹೊಲಿದರು. ಬುಡದಲ್ಲಿ ನೀಲಿ ದಾರದ ಕಸೂತಿ ಬೇರೆ. ಹೆಬ್ಬೆರಳು ಟೊಪ್ಪಿಗೆ ಹಾಕಿಕೊಂಡೇ ಬಾಯಿಗೆ ಹೋಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಸೂತಿ ಬಣ್ಣ ಬಿಟ್ಟು ಅಣ್ಣನ ತುಟಿ ನೀಲಿಯಾಗಿ, ಬಂದ ಗಿರಾಕಿಯೊಬ್ಬರು “ಎದೆ ನೋವಾ?” ಎಂದು ಕೇಳಿ ಕುರ್ಚಿ ಎಳೆದು ಕೂರಿಸಿದರು.

ಮೂರನೆಯದು ಬಟ್ಟಲಿನಲ್ಲಿ ಒದ್ದೆ ಸ್ಪಂಜು. ಇದು ನನ್ನ ಸಲಹೆ. ನಮ್ಮ ಕಚೇರಿಯಲ್ಲಿ ಹಾಗೇ ಮಾಡುತ್ತೇವೆ. ಅಣ್ಣ ಬಹಳ ವಿಧೇಯನಾಗಿ ಹೆಬ್ಬೆರಳನ್ನು ಸ್ಪಂಜಿಗೆ ಅದ್ದಿದ. ಆಮೇಲೆ ಅದನ್ನು ನಾಲಿಗೆಗೆ ಮುಟ್ಟಿಸಿ, ಹಾಳೆ ತಿರುಗಿಸಿದ.

“ನೋಡ್ದೆಯಾ?” ಎಂದರು ಅತ್ತಿಗೆ, ಬಾಗಿಲ ಸಂದಿಯಿಂದ. “ದಾರೀಲಿ ಬಾಯಿಗೂ ಒಂದು ನಮಸ್ಕಾರ ಹಾಕಿ ಹೋಗುತ್ತೆ.”

ಎಷ್ಟು ಸಲ ಎಂದು ತಿಳಿಯಲು ನನ್ನನ್ನು ಕಾವಲಿಗೆ ಕೂರಿಸಿದರು. ಅದೊಂದು ರಜೆಯ ದಿನ. ಬೆರಳು ಬಾಯಿಗೆ ಹೋದಾಗಲೆಲ್ಲ ಒಂದು ಗುಂಡಿಯನ್ನು ಗಾಜಿನ ಬಾಟಲಿಗೆ ಹಾಕಬೇಕು. ಅತ್ತಿಗೆಯ ಹೊಲಿಗೆ ಪೆಟ್ಟಿಗೆಯ ಗುಂಡಿಗಳೆಲ್ಲ ಹನ್ನೊಂದು ಗಂಟೆಗೇ ಮುಗಿದವು. ಆಮೇಲೆ ಹುಕ್ಕುಗಳನ್ನು ಹಾಕಿದೆ. ಮಧ್ಯೆ ಯಾವಾಗಲೋ ಬೇಸರಕ್ಕೆ ನನ್ನ ಕೈಯೂ ಬಾಯಿಗೆ ಹೋಗಿತ್ತು. ಅತ್ತಿಗೆ ಚಹಾ ತಂದಾಗ ಮೇಜಿನ ಈಚೆ ಒಬ್ಬ, ಆಚೆ ಒಬ್ಬ, ಇಬ್ಬರೂ ಬಾಯಲ್ಲಿ ಬೆರಳಿಟ್ಟುಕೊಂಡು ಗಂಭೀರವಾಗಿ ಕೂತಿದ್ದೆವು. ಅವರು ಟ್ರೇಯನ್ನು ಕೆಳಗಿಡಲಿಲ್ಲ. ಗೋಡೆಯ ಮೇಲಿದ್ದ ನಮ್ಮ ತಾಯಿಯ ಫೋಟೋದ ಕಡೆ ತಿರುಗಿ, “ಅಮ್ಮಾ, ನೀವು ಇಬ್ಬರಿಗೂ ಹಾಲು ಬಿಡಿಸಿದ್ದು ಸ್ವಲ್ಪ ಬೇಗ ಆಯ್ತೇನೋ,” ಎಂದರು.

ಎರಡು ವಾರ ಕಳೆಯಿತು. ಬಿರುಕು ಹಾಗೇ ಇತ್ತು. ಆ ಹೊತ್ತಿಗೆ ದಾದಿಯಮ್ಮ ಬಂದದ್ದು.

ದಾದಿಯಮ್ಮ ಎಂದರೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತರಾದವರು. ಕೈಗೆ ಬಂದ ಮಕ್ಕಳಲ್ಲಿ ಮರೆಯಲಾಗದವರನ್ನೆಲ್ಲ ತಮ್ಮದೇ ಒಂದು ದಪ್ಪ ಪುಸ್ತಕದಲ್ಲಿ, ಒಂದು ಹೆರಿಗೆಗೆ ಒಂದು ಹಾಳೆಯಂತೆ, ಬರೆದಿಟ್ಟಿದ್ದರು. ಹಾಳೆಗಳೆಲ್ಲ ಬಿಡಿಬಿಡಿಯಾಗಿ, ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದರು. ಮುಂದಿನ ಭಾನುವಾರಕ್ಕಲ್ಲ, ಅದರ ಮುಂದಿನ ಭಾನುವಾರಕ್ಕೆ ಬೇಕು. ಅವರು ಹೆರಿಗೆ ಮಾಡಿಸಿದ ಮಕ್ಕಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಪುಟ ತೋರಿಸಬೇಕು. ಅಣ್ಣ ನೂರ ಎಂಬತ್ತನಾಲ್ಕು ಹಾಳೆಗಳನ್ನು ಒಂದೊಂದೇ ನೋಡಿ, “ಹ್ಞೂಂ” ಎಂದ. ಅವನಿಗೆ ಪುಸ್ತಕ ಹಿಡಿಸಿದೆ ಎಂದು ಅತ್ತಿಗೆ ಅನುವಾದಿಸಿದರು.

ಆ ಸಂಜೆ ಅತ್ತಿಗೆ ತಮ್ಮ ಕೊನೆಯ ಬಾಣ ತೆಗೆದರು. ಒಂದು ಬೂಟ್ ಪಾಲಿಶ್ ಡಬ್ಬಿ. ಒಳಗೆ ಗಟ್ಟಿ ಮುಲಾಮು: ಜೇನುಮೇಣ ಜಾಸ್ತಿ, ಎಳ್ಳೆಣ್ಣೆ ಹೆಸರಿಗೆ ಮಾತ್ರ. ಒಮ್ಮೆ ತೀಡಿಕೊಂಡರೆ ಬೆರಳಿಗೆ ಸಣ್ಣ ಜಿಗುಟು ಬರುತ್ತದೆ. ಹಾಳೆ ತಾನಾಗಿ ಎದ್ದು ಬರುತ್ತದೆ, ನಾಲಿಗೆಯ ಹಂಗು ಬೇಕಿಲ್ಲ, ಬಿರುಕಿಗೂ ಒಳ್ಳೆಯದು.

“ಎಣ್ಣೆ,” ಎಂದ ಅಣ್ಣ.

“ಮೇಣ,” ಎಂದರು ಅತ್ತಿಗೆ. “ಒಂದು ಚೂರು ಕಾಗದದ ಮೇಲೆ ಪರೀಕ್ಷೆ ಮಾಡಿ ನೋಡಿ. ಕಲೆ ಬಿದ್ರೆ ಡಬ್ಬಿನ ನಾನೇ ಬೀದಿಗೆ ಎಸೀತೀನಿ. ಇಪ್ಪತ್ತೆಂಟು ವರ್ಷ ಆಯ್ತು ಕಣ್ರೀ. ಒಂದ್ಸಲ. ಒಂದೇ ಒಂದ್ಸಲ ನನ್ನ ಮಾತು ಕೇಳಿ.”

ಅಣ್ಣ ಹೆಬ್ಬೆರಳಿಗೆ ತೀಡಿಕೊಂಡು ಚೂರು ಕಾಗದವನ್ನು ಒತ್ತಿದ. ಬೆಳಕಿಗೆ ಹಿಡಿದ. ಏನೂ ಇಲ್ಲ. ಅತ್ತಿಗೆಯ ಕಡೆ ನೋಡಿದ. ನಲವತ್ತು ವರ್ಷಗಳ ಕಟ್ಟುಪಾಡು ಆ ಗಳಿಗೆ ಮುರಿಯಿತು.

ಐದು ದಿನ ಮನೆಯಲ್ಲಿ ಹಬ್ಬ. ಬಾಟಲಿಗೆ ಬಿದ್ದ ಗುಂಡಿ ಮೊದಲ ದಿನ ಒಂಬತ್ತು, ಆಮೇಲೆ ಆರು. ಅಣ್ಣ ಹರಿದ ಅಂಚುಗಳಿಗೆ ತೆಳುಕಾಗದ ಹಚ್ಚಿದ, ಹಾಳೆಗಳನ್ನು ವರ್ಷದ ಪ್ರಕಾರ ಜೋಡಿಸಿದ, ಎಣಿಸಿದ, ಮತ್ತೆ ಎಣಿಸಿದ. ಹೊಲಿಯುವ ಮೊದಲು ಎಲ್ಲವನ್ನೂ ಪ್ರೆಸ್ಸಿನಲ್ಲಿಟ್ಟು ಚಕ್ರವನ್ನು ಬಿಗಿಯಾಗಿ ತಿರುಗಿಸಿದ. ಎರಡು ದಿನ ಅದುಮಿದರೆ ಸುಕ್ಕೆಲ್ಲ ಹೋಗುತ್ತದೆ. ಅತ್ತಿಗೆ ಬೀದಿಗೆಲ್ಲ ಒಂದೊಂದು ಸೋಪು ಹಂಚಿದರು.

ಪ್ರೆಸ್ಸು ತೆರೆದ ದಿನ ಬೆಳಗ್ಗೆ ನಾನು ಅಲ್ಲೇ ಇದ್ದೆ. ಅಣ್ಣ ಮೊದಲ ಹಾಳೆ ಎತ್ತಿದ. ಎರಡನೆಯದು ಎತ್ತಿದ. ಹತ್ತು, ಹದಿನೈದು ಎತ್ತಿ, ಕಿಟಕಿಗೆ ಹಿಡಿದ. ಪ್ರತಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದೊಂದು ಪುಟ್ಟ ಕಿಟಕಿ. ಹೆಬ್ಬೆರಳ ಗುರುತು, ಗೆರೆಗೆರೆಯೂ ಸ್ಪಷ್ಟ, ಆಚೆಯ ಬೆಳಕು ಕಾಣುವ ಹಾಗೆ. ಚೂರು ಕಾಗದವನ್ನು ಯಾರೂ ಎರಡು ದಿನ ಅದುಮಿ ಪರೀಕ್ಷೆ ಮಾಡಿರಲಿಲ್ಲ. ಮೇಲೆ ಸುಮ್ಮನೆ ಕೂತಿದ್ದ ಮೇಣವೂ ಎಣ್ಣೆಯೂ ಪ್ರೆಸ್ಸಿನ ಭಾರಕ್ಕೆ ನಿಧಾನವಾಗಿ ಒಳಗಿಳಿದಿದ್ದವು. ಆ ಮೂಲೆಯಲ್ಲೇ ದಾದಿಯಮ್ಮ ಮಗುವಿನ ತೂಕ ಬರೆಯುತ್ತಿದ್ದದ್ದು.

ಅತ್ತಿಗೆ ಒಳಗಿನಿಂದ ಬಂದು ನೋಡಿದರು. ಅಣ್ಣ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕುತ್ತಿಗೆಯಿಂದ ಏಪ್ರನ್ ತೆಗೆದ. ನಾಲ್ಕಾಗಿ ಮಡಿಸಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟ.

“ಇದನ್ನ ಅವರಿಗೆ ಹೇಗಾದ್ರೂ ಕಟ್ಟಿ ಕೊಡ್ತೀನಿ,” ಎಂದ. “ಇದೇ ಕೊನೇದು. ಹಾಳೆ ಕೊಳೆ ಮಾಡೋನು ಈ ಮೇಜಿನ ಮುಂದೆ ಕೂರಬಾರದು.”

ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿರಲೇ ಇಲ್ಲ. ಅವನು ಹಿತ್ತಲಿಗೆ ಹೋದ.

ಅತ್ತಿಗೆ ಮೇಜಿನ ಮುಂದೆ ಕೂತರು. ನಾನು ಸಮಾಧಾನ ಮಾಡಲು ಹೋಗಿ, “ಬಿಡಿ ಅತ್ತಿಗೆ, ಹೇಗೂ ಡಾಕ್ಟರು ಕೆಲಸ ಬಿಡೋಕೆ ಹೇಳಿದ್ರು,” ಎಂದೆ. ಇಂಥ ಹೊತ್ತಿನಲ್ಲಿ ಎಂಥ ಮಾತು ಆಡಬಾರದೋ ಅದನ್ನೇ ಆರಿಸಿ ಆಡುವ ಕಲೆ ನನಗೆ ಹುಟ್ಟಿನಿಂದ ಬಂದದ್ದು. ಅವರು ನನ್ನ ಕಡೆ ನೋಡಲೂ ಇಲ್ಲ. ಒಂದು ಹಾಳೆಯ ಕಲೆಯನ್ನು ತೋರುಬೆರಳಿನಿಂದ ಮೆಲ್ಲಗೆ ಮುಟ್ಟುತ್ತಿದ್ದರು, ಯಾರದೋ ಕೆನ್ನೆ ಮುಟ್ಟಿ ನೋಡುವ ಹಾಗೆ.

“ನಿನ್ನ ಹೆಂಡ್ತಿ ಮುಖಕ್ಕೆ ನಾನು ಏನು ಕೊಡೋದು?” ಎಂದರು ಇದ್ದಕ್ಕಿದ್ದಂತೆ.

“ಯಾವುದೋ ಮಣ್ಣು. ಎಣ್ಣೆ ಚರ್ಮ ಅಂತ…”

ಮಾತು ಮುಗಿಯುವ ಮೊದಲೇ ಅವರು ಅಡುಗೆಮನೆಯಲ್ಲಿದ್ದರು. ಹೊರಬಂದಾಗ ಕೈಯಲ್ಲಿ ‘ಜಿಡ್ಡು ಮುಖ’ ಎಂಬ ಚೀಟಿಯ ದೊಡ್ಡ ಡಬ್ಬಿ. ಮುಖಲೇಪಕ್ಕೆ ಕಲಸುವ ನಸುಹಳದಿ ಜೇಡಿಮಣ್ಣು. ಅದು ಎಣ್ಣೆಯನ್ನು ಹೀರುತ್ತದೆ. ಮುಖದಿಂದ ಹೀರುವುದು ಹಾಳೆಯಿಂದ ಏಕೆ ಹೀರಬಾರದು? ನೀರು ಸೋಕಿಸುವ ಹಾಗಿಲ್ಲ, ಶಾಯಿ ಹರಡುತ್ತದೆ. ಒಣಪುಡಿಯನ್ನೇ ತೆಳುಬಟ್ಟೆಯಲ್ಲಿ ಮೂರು ಸಲ ಸೋಸಿದರು. ಏನೂ ಬರೆಯದ ಕೊನೆಯ ಹಾಳೆಯ ಕಲೆಗೆ ಎರಡೂ ಕಡೆ ಉದುರಿಸಿ, ಒತ್ತುಕಾಗದ ಮುಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡಿ, ಮೇಣ ಕರಗುವಷ್ಟು ಮಾತ್ರ ಶಾಖ ಕೊಟ್ಟು, ಮೇಲೆ ರುಬ್ಬುವ ಕಲ್ಲಿಟ್ಟರು.

“ಸ್ವಲ್ಪ ಮೆತ್ತಗಿರೋ ಬ್ರಷ್ ಬೇಕಲ್ಲ, ಪುಡಿ ತೆಗೆಯೋಕೆ.”

ನನ್ನ ಶೇವಿಂಗ್ ಬ್ರಷ್ಷು ಹೊಸದು. ಹೊಸದಾಗಿತ್ತು ಎನ್ನಬೇಕು.

ಮರುದಿನ ಬೆಳಗ್ಗೆ ಕಲ್ಲು ತೆಗೆದು ಬ್ರಷ್ಷಾಡಿಸಿದರು. ಮಣ್ಣು ಜಿಡ್ಡು ಕುಡಿದು ಕಂದಾಗಿತ್ತು. ಹಾಳೆಯನ್ನು ಕಿಟಕಿಗೆ ಹಿಡಿದರೆ ಕಿಟಕಿ ಮುಚ್ಚಿತ್ತು. ಹುಡುಕಿದರೆ ಮಾತ್ರ ಕಾಣುವ ಒಂದು ನೆರಳು. ಅತ್ತಿಗೆ ಆ ಹಾಳೆಯನ್ನು ಹಿತ್ತಲಲ್ಲಿ ಕೂತಿದ್ದ ಅಣ್ಣನ ಮೂಗಿನ ಕೆಳಗೆ ಹಿಡಿದರು. ಅವನು ಅದನ್ನು ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ, ಮೂಸಿದ.

“ನೂರ ಎಂಬತ್ತಮೂರು ಬಾಕಿ ಇದೆ,” ಎಂದರು ಅತ್ತಿಗೆ. “ನನಗೆ ಒಬ್ಬಳಿಗೇ ಆಗಲ್ಲ. ಏಳ್ತೀರೋ, ಇಲ್ಲಾ ನಿಮ್ಮ ತಮ್ಮನ್ನ ಕೂರಿಸ್ಕೊಳ್ಳಲೋ?”

ಆ ಬೆದರಿಕೆ ಸಾಕಾಯಿತು. ಅಣ್ಣ ಎದ್ದ.

ಮೇಜಿನ ಈ ತುದಿಯಲ್ಲಿ ಅತ್ತಿಗೆ, ಆ ತುದಿಯಲ್ಲಿ ಅಣ್ಣ. ಅವರು ಪುಡಿ ಉದುರಿಸಿ ಇಸ್ತ್ರಿ ಆಡಿಸಬೇಕು; ಅವನು ಕಲ್ಲಿನಡಿಯಿಂದ ತೆಗೆದ ಹಾಳೆಯನ್ನು ಬ್ರಷ್ಷಿನಿಂದ ಸವರಿ ಜೋಡಿಸಬೇಕು. ಮಣ್ಣು ಗಾಳಿಯಲ್ಲೆಲ್ಲ ಹಾರಿ ಇಬ್ಬರ ಹುಬ್ಬುಗಳೂ ನಸುಹಳದಿಯಾದವು. ಮೊದಲ ದಿನ ಅಣ್ಣ ಅಭ್ಯಾಸಬಲದಿಂದ ಹೆಬ್ಬೆರಳನ್ನು ಬಾಯಿಗೆ ಒಯ್ದ. ಕಹಿಯನ್ನು ಗೆದ್ದವನು, ಚರ್ಮದ ಟೊಪ್ಪಿಗೆಯನ್ನು ಗೆದ್ದವನು, ಈ ಮಣ್ಣಿನ ಮುಂದೆ ಸೋತ. ಅದು ಒಂದೇ ಗುಟುಕಿಗೆ ಅವನ ಬಾಯಿಯ ನೀರನ್ನೆಲ್ಲ ಕುಡಿದು, ನಾಲಿಗೆಯನ್ನು ಅಂಗುಳಕ್ಕೆ ಮೆತ್ತಿಬಿಟ್ಟಿತು. ಎರಡು ಚೊಂಬು ನೀರು ಬೇಕಾಯಿತು ಬಿಡಿಸಲು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಸಲ ಹಾಗೇ ಆಯಿತು. ಆಮೇಲೆ ಹೆಬ್ಬೆರಳು ಎದೆಯವರೆಗೆ ಏರುವುದು, ಏನೋ ನೆನಪಾದಂತೆ ನಿಲ್ಲುವುದು, ವಾಪಸ್ ಇಳಿಯುವುದು. ಮಣ್ಣು ಹಿಡಿದ ಬೆರಳಿಗೆ ಹಾಳೆಯೂ ಜಾರದೆ ಏಳುತ್ತಿತ್ತು. ಅದನ್ನು ಮೊದಲು ಗಮನಿಸಿದವನು ಅಣ್ಣನೇ. ಸಂಜೆ ಕೈ ತೊಳೆದ ಮೇಲೆ ಅತ್ತಿಗೆ ಬಿರುಕಿಗೆ ಮುಲಾಮು ಹಚ್ಚಿ ಹತ್ತಿಬಟ್ಟೆ ಸುತ್ತುತ್ತಿದ್ದರು. ಈಗ ಅವನು ಎಣ್ಣೆ ಎನ್ನಲಿಲ್ಲ.

ಇನ್ನೊಂದು ಸಂಗತಿ ಯಾರೂ ಎಣಿಸಿದ್ದಲ್ಲ. ಹಾಳೆಗಳ ಲೆಕ್ಕ ತಪ್ಪಬಾರದೆಂದು ಅತ್ತಿಗೆ ಆ ತುದಿಯಿಂದ “ಎಷ್ಟು?” ಎಂದು ಕೂಗುತ್ತಿದ್ದರು. ಬಾಯಿ ಖಾಲಿಯಾಗಿದ್ದರಿಂದ ಅಣ್ಣ “ಹ್ಞೂಂ” ಎನ್ನುವಂತಿರಲಿಲ್ಲ. “ಮೂವತ್ತೊಂದು” ಎನ್ನಬೇಕಾಯಿತು. ಎರಡನೆಯ ದಿನ ಲೆಕ್ಕದ ಜೊತೆಗೆ ಹಾಳೆಯಲ್ಲಿದ್ದುದನ್ನೂ ಓದತೊಡಗಿದ.

“ಐವತ್ತೆರಡು. ಹೆಣ್ಣು. ಎರಡು ಮುಕ್ಕಾಲು ಕೆಜಿ. ಬೆಳಗ್ಗೆ ಆರಕ್ಕೆ. ಅಪ್ಪ ಎಚ್ಚರ ತಪ್ಪಿ ಬಿದ್ದರು, ಅವರಿಗೆ ಎರಡು ಹೊಲಿಗೆ.”

“ಅಮ್ಮನಿಗೆ?”

“ಬರೆದಿಲ್ಲ. ಐವತ್ತಮೂರು. ಗಂಡು. ಹುಟ್ಟಿದ ತಕ್ಷಣ ನನ್ನ ಕನ್ನಡಕ ಹಿಡಿದುಕೊಂಡ, ಬಿಡಲಿಲ್ಲ.”

ಸಂಜೆ ಕಚೇರಿಯಿಂದ ಬಂದಾಗ ಬೀದಿಗೇ ಅತ್ತಿಗೆಯ ನಗು ಕೇಳುತ್ತಿತ್ತು. ಮೂರನೆಯ ದಿನ ಅವರು ಮಣ್ಣಿನ ಮಧ್ಯೆ ಹೊಲಿಗೆಯ ದಾರಕ್ಕೆ ಮೇಣ ಹುಡುಕುತ್ತಿದ್ದರು. ಪುಸ್ತಕದ ದಾರವನ್ನು ಮೇಣದ ಮೇಲೆಳೆದರೆ ಗಟ್ಟಿಯಾಗುತ್ತದೆ. “ನಿಮ್ಮ ಮೇಣದ ಗಡ್ಡೆ ಎಲ್ಲಿದೆ ರೀ?” ಎಂದು ಖಾನೆ ಎಳೆದರು. ಒಳಗೆ ಕೈಗೆ ಸಿಕ್ಕಿದ್ದು ಕಂದು ಬಣ್ಣದ, ಬಟ್ಟಲಿನ ಆಕಾರದ ಒಂದು ಗಟ್ಟಿ. ಸುತ್ತಲೂ ದಾರ ಎಳೆದು ಎಳೆದು ಸಾವಿರ ಗೀರು. ಒಂದು ಕಡೆ ಚಮಚದ ಗುರುತು.

ಅತ್ತಿಗೆ ಅದನ್ನು ಹಿಡಿದುಕೊಂಡೇ ನಿಂತರು.

“ಇದು ನನ್ನ ಕ್ರೀಮು!”

“ಹೌದು.”

“ನಾನು ಬುಟ್ಟಿಗೆ ಎಸೆದಿದ್ದೆ!”

“ಹೆಕ್ಕೊಂಡೆ. ಒಳ್ಳೇ ಮೇಣ. ಜಿಗುಟು ಹದವಾಗಿತ್ತು.” ಅಣ್ಣ ಬ್ರಷ್ಷಾಡಿಸುತ್ತಲೇ ಇದ್ದ. “ಇಪ್ಪತ್ತೆಂಟು ವರ್ಷದಿಂದ ಎಲ್ಲಾ ಪುಸ್ತಕನೂ ಅದರಲ್ಲೇ ಹೊಲಿದಿರೋದು. ನೂರ ಎಪ್ಪತ್ತೊಂದು. ಅವಳಿ.”

“ನನಗೆ ಯಾಕೆ ಹೇಳಲಿಲ್ಲ?”

ಅಣ್ಣ ಯೋಚಿಸಿದ. “ಬಾಯಲ್ಲಿ ಬೆರಳಿತ್ತು,” ಎಂದ.

ಅತ್ತಿಗೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಆ ದಿನ ಇಸ್ತ್ರಿ ಪೆಟ್ಟಿಗೆಯನ್ನು ಆರಿಸಿದವನು ನಾನು. ಹೀಗೆ ಈ ಕಥೆಯಲ್ಲಿ ನನ್ನಿಂದಲೂ ಒಂದು ಉಪಯೋಗವಾಯಿತು.

ಭಾನುವಾರ ದಾದಿಯಮ್ಮ ಬಂದರು. ಅಣ್ಣ ಏಪ್ರನ್ ಹಾಕಿರಲಿಲ್ಲ. ಅದು ಮಡಿಸಿಟ್ಟಲ್ಲೇ ಇತ್ತು. ಪುಸ್ತಕಕ್ಕೆ ಕಡುಹಸಿರು ಬಟ್ಟೆಯ ರಟ್ಟು ಕಟ್ಟಿದ್ದ. ದಾದಿಯಮ್ಮ ತೆರೆದರು. ಕಣ್ಣು ಮುಚ್ಚಿ ಮೂಗನ್ನು ಹಾಳೆಗಳ ನಡುವೆ ಇಟ್ಟರು.

“ಅಯ್ಯೋ, ಇದೇನು! ಸ್ನಾನ ಮಾಡಿಸಿ ಪೌಡರ್ ಹಾಕಿದ ಮಗು ವಾಸನೆ ಬರ್ತಿದೆ!”

ಬೇರೆ ಯಾರಾದರೂ ಅಲ್ಲಿಗೆ ಸುಮ್ಮನಿರುತ್ತಿದ್ದರು. ಅಣ್ಣ ಎಲ್ಲ ಹೇಳಿದ. ಎಂಜಲು, ಮುಲಾಮು, ಪ್ರೆಸ್ಸು, ಕಲೆ. ಒಂದು ಹಾಳೆಯಲ್ಲಿ ಕಲೆ ಪೂರ್ತಿ ಹೋಗಲೇ ಇಲ್ಲ ಎಂದು ಅದನ್ನೂ ತೆಗೆದು ತೋರಿಸಿದ. ಅತ್ತಿಗೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ದಾದಿಯಮ್ಮ ಕನ್ನಡಕ ಏರಿಸಿ, ಆ ಪುಟವನ್ನು ಓದಿ, ಹೆಬ್ಬೆರಳ ಗುರುತನ್ನು ನೋಡಿ, ಪುಸ್ತಕ ಮುಚ್ಚಿದರು.

“ಸಾವಿರಾರು ಮಕ್ಕಳನ್ನ ನೋಡಿದೀನಪ್ಪ. ಮೈಮೇಲೆ ಒಂದು ಮಚ್ಚೆ ಇಲ್ಲದ ಮಗು ನನ್ನ ಕೈಗೆ ಬಂದೇ ಇಲ್ಲ. ಇರಲಿ ಬಿಡು. ಅಂದಹಾಗೆ ಇನ್ನೊಂದು ಪುಸ್ತಕ ಇದೆ, ನಮ್ಮ ಜೊತೆಗಿದ್ದ ಇನ್ನೊಬ್ಬ ನರ್ಸಮ್ಮಂದು. ಅದೂ ಚೂರುಚೂರಾಗಿದೆ. ನಾಳೆ ಕಳಿಸ್ಲಾ?”

ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಏಪ್ರನ್ನಿನ ಕಡೆ ನೋಡಿದರು.

“ಕಳಿಸಿ,” ಎಂದ ಅಣ್ಣ. ಹ್ಞೂಂ ಎನ್ನಲಿಲ್ಲ.

ಆರು ವಾರ ತುಂಬಿದ ದಿನ ಡಾಕ್ಟರು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿರುಕು ಇದ್ದಲ್ಲಿ ಎಳೆಯ, ತಿಳಿಗುಲಾಬಿ ಚರ್ಮ. ಅಣ್ಣನಿಗೆ ಮತ್ತೆ ಆ ಪುಸ್ತಿಕೆಯನ್ನೇ ಕೊಟ್ಟು ಪರೀಕ್ಷೆ ಮಾಡಿದರು. ಅವನು ಜೇಬಿನಿಂದ ಒಂದು ಪುಟ್ಟ ಬಟ್ಟೆಯ ಚೀಲ ತೆಗೆದು, ಹೆಬ್ಬೆರಳನ್ನು ಅದಕ್ಕೆ ತಟ್ಟಿ, ಪುಟ ತಿರುಗಿಸಿದ. ಅತ್ತಿಗೆ ಹಳೆಯ ಕರವಸ್ತ್ರದಿಂದ ಹೊಲಿದ ಚೀಲ. ಒಳಗೆ ಸೋಸಿದ ಮಣ್ಣು. ಮೇಲೆ ನೀಲಿ ಕಸೂತಿ. ಈ ಸಲ ಬಣ್ಣ ಬಿಡದ ದಾರ. ಡಾಕ್ಟರು ತಮಗೂ ಒಂದು ಬೇಕೆಂದರು.

ಅಂಗಡಿ ನಡೆಯುತ್ತಿದೆ. ಗುಂಡಿಗಳು ಹೊಲಿಗೆ ಪೆಟ್ಟಿಗೆಗೆ ಹಿಂತಿರುಗಿವೆ. ತೊಂದರೆ ಒಂದೇ. ನಲವತ್ತು ವರ್ಷ ಬೆರಳಿನ ಹಿಂದೆ ಸಾಲುಗಟ್ಟಿ ನಿಂತಿದ್ದ ಮಾತುಗಳೆಲ್ಲ ಈಗ ಒಂದೊಂದಾಗಿ ಹೊರಬರುತ್ತಿವೆ. ಮೊನ್ನೆ ನಾನು ಹೋದಾಗ ಅಣ್ಣ ಅಂಟು ಕಲಸುವುದು ಹೇಗೆ ಎಂಬುದರಿಂದ ಶುರುಮಾಡಿ, ತನ್ನ ಮೂರನೇ ತರಗತಿಯ ಮೇಷ್ಟರ ಕೊಡೆಯವರೆಗೆ ಬಂದಿದ್ದ, ಇನ್ನೂ ಮುಗಿದಿರಲಿಲ್ಲ. ಅತ್ತಿಗೆ ಸೋಪಿನ ಪೆಟ್ಟಿಗೆ ಮಡಿಸುತ್ತ ಎದುರಿಗೆ ಕೂತಿದ್ದರು. ನನ್ನ ಕಡೆ ಬಾಗಿ, “ಬೆಳಗ್ಗೆ ಎದ್ದಾಗಿನಿಂದ ಹೀಗೇ ಕಣೋ,” ಎಂದು ಪಿಸುಗುಟ್ಟಿದರು. “ಬೆರಳನ್ನ ವಾಪಸ್ ಬಾಯಲ್ಲಿಟ್ಕೊಳ್ಳಿ ಅನ್ನೋಣ ಅನ್ಸುತ್ತೆ.”

“ಹಾಗಾದ್ರೆ ಒಳಗೆ ಹೋಗಿ ಕೂತ್ಕೊಳ್ಳಿ.”

“ಅಯ್ಯೋ, ಆ ಕೊಡೆ ಏನಾಯ್ತು ಅಂತ ಗೊತ್ತಾಗೋದು ಬೇಡ್ವಾ?” ಎಂದವರು, ನನ್ನನ್ನು ದಿಟ್ಟಿಸಿ ನೋಡಿ, ಮಡಿಸುತ್ತಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟರು. “ಬಾಯಿಂದ ಕೈ ತೆಗಿ. ರೀ, ಒಂದು ನಿಮಿಷ ನಿಲ್ಸಿ. ಎರಡನೇ ಕಪಾಟಲ್ಲಿ ‘ಮೈದುನ’ ಡಬ್ಬಿ ಇದೆ, ಕೊಡಿ ಇಲ್ಲಿ.”